ಟೀಚರ್‌ಗೊಂದು ಪ್ರಶ್ನೆ: ಪಾಠದೊಳಗೊಂದು ಪುಟ್ಟ ನಾಟಕ

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ನಾಟಕ ಅಂದರೆ ಸ್ಕೂಲ್ ಡೇಗೆ ಮಾತ್ರ ಅಂದುಕೊಳ್ಳಬೇಡಿ, ಪಾಠದ ನಡುವೆಯೇ ಹತ್ತು ನಿಮಿಷದ ನಾಟಕ ಆಡಬಹುದು ಅಂತ. ಅದಕ್ಕೆ ಬಂದ ಪತ್ರಗಳಿಗೇ ಈ ಸಲದ ಪುಟಗಳು ಮೀಸಲು. ನಾನು ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 31 ವರ್ಷ ಸಮಾಜ ವಿಜ್ಞಾನ ಕಲಿಸಿದವಳು. ರಂಗಭೂಮಿಯವಳಲ್ಲ. ಕ್ಲಾಸಿನಲ್ಲಿ ಮಾಡಿ ನೋಡಿದ್ದನ್ನು ಹೇಳುತ್ತೇನೆ.

ಪ್ರಶ್ನೆ: ನಾನು ಹಿರೇಕೆರೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಹತ್ತನೇ ತರಗತಿಯಲ್ಲಿ 46 ಮಕ್ಕಳಿದ್ದಾರೆ. ಸ್ವಾತಂತ್ರ್ಯ ಹೋರಾಟದ ಪಾಠಕ್ಕೆ ನಾಟಕ ಮಾಡಿಸಬೇಕು ಅಂತ ಆಸೆ. ಪೀರಿಯಡ್ ಇರುವುದು 40 ನಿಮಿಷ. "ನಾಟಕ ಆಡಿಸ್ತಾ ಕೂತರೆ ಪೋರ್ಷನ್ ಯಾವಾಗ ಮುಗಿಸ್ತೀರಿ?" ಅಂತ ಎಚ್.ಎಂ. ಕೇಳುತ್ತಾರೆ. ನಾನು ನಾಟಕ ಕಲಿತವಳೂ ಅಲ್ಲ. ಎಲ್ಲಿಂದ ಶುರು ಮಾಡಲಿ ಮೇಡಂ?

ಉತ್ತರ: ನಿಮಗೆ ಶಿಕಾರಿಪುರ ಪಕ್ಕದ ತಾಲ್ಲೂಕು ಅಲ್ವಾ? ಅಲ್ಲಿಯ ಈಸೂರಿನಿಂದಲೇ ಶುರು ಮಾಡಿ.

ನಿಮಗೆ ಗೊತ್ತಿರುವ ಕಥೆಯೇ. ಬೇರೆ ಓದುಗರಿಗಾಗಿ ನಾಲ್ಕು ಮಾತು ಹೇಳುತ್ತೇನೆ. 1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಕರೆ ಬಂತು. ಅದಾದ ಮೇಲೆ ಈಸೂರಿನ ಜನ ನಮ್ಮ ಊರು ಸ್ವತಂತ್ರ ಅಂತ ಸಾರಿದರು. ಊರಿನ ಕಂದಾಯದ ಲೆಕ್ಕ ಬರೆಯುವ ಶಾನುಭೋಗರು, ಪಟೇಲರ ಹತ್ತಿರ ಇದ್ದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು. ತಮ್ಮದೇ ಸರ್ಕಾರ ಮಾಡಿಕೊಂಡು ಊರಿನ ಇಬ್ಬರು ಹುಡುಗರನ್ನು ಅಮಲ್ದಾರ (ಈಗಿನ ತಹಶೀಲ್ದಾರ), ಸಬ್ ಇನ್‌ಸ್ಪೆಕ್ಟರ್ ಅಂತ ನೇಮಿಸಿದರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನುವ ಮಾತು ಇವತ್ತಿಗೂ ನಮ್ಮ ಕಡೆ ಜನರ ಬಾಯಲ್ಲಿದೆ. ಸೆಪ್ಟೆಂಬರ್ ಕೊನೆಗೆ ಮೈಸೂರು ಸರ್ಕಾರದ ಅಮಲ್ದಾರರು ಪೊಲೀಸರ ಜೊತೆ ಊರಿಗೆ ಬಂದರು. ಗಲಾಟೆ ಕೈಮೀರಿ ಇಬ್ಬರು ಅಧಿಕಾರಿಗಳು ಸತ್ತರು. ಆಮೇಲೆ ಊರಿನ ಮೇಲೆ ಪಡೆ ಬಂತು. ಮನೆಗಳು ಲೂಟಿಯಾದವು, ಜನ ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೆ ಹಾಕಿದರು.

ಇಷ್ಟನ್ನೂ ಆಡಿಸಲು ಹೋದರೆ ಒಂದು ತಿಂಗಳು ಬೇಕು. ನಿಮಗೆ ಬೇಕಿರುವುದು ಇದರಲ್ಲಿ ಒಂದೇ ಗಳಿಗೆ. ಯಾರೋ ಒಬ್ಬರು ಹೌದು ಅನ್ನಬೇಕು ಇಲ್ಲವೇ ಇಲ್ಲ ಅನ್ನಬೇಕು, ಬೇರೆ ದಾರಿಯಿಲ್ಲ, ಅಂಥ ಗಳಿಗೆ. ನಾನು ಆರಿಸಿಕೊಂಡಿದ್ದು ಲೆಕ್ಕದ ಪುಸ್ತಕ ಕೇಳುವ ಹೊತ್ತನ್ನು.

ಮಕ್ಕಳನ್ನು ಹೊರಗೆ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋಗುತ್ತಿದ್ದೆ. ಪಕ್ಕದ ಕ್ಲಾಸಿಗೆ ಗದ್ದಲ ಆಗಬಾರದಲ್ಲ. ನಾಲ್ಕು ಗುಂಪು: ಊರಿನ ರೈತರು, ಶಾನುಭೋಗರ ಮನೆಯವರು, ಅಧಿಕಾರಿಗಳು, ಮನೆಯಲ್ಲಿ ಕಾಯುತ್ತಿರುವ ಹೆಂಗಸರು. ಬರೆದು ಬಾಯಿಪಾಠ ಮಾಡಿಸುವ ಮಾತು ಒಂದೂ ಇಲ್ಲ. ಒಂದೊಂದು ಗುಂಪಿಗೆ ಒಂದೊಂದು ಚೀಟಿ, ಅದರಲ್ಲಿ ಎರಡು ಸಾಲು. ಶಾನುಭೋಗರ ಚೀಟಿಯಲ್ಲಿ ಬರೆದಿದ್ದು ಇಷ್ಟು: "ನಿಮ್ಮ ಕೆಲಸ ಸರ್ಕಾರದ್ದು. ನಿಮ್ಮ ಮನೆ ಈ ಊರಿನಲ್ಲಿದೆ." ಮಾತಾಡಿಕೊಳ್ಳಲು ಐದು ನಿಮಿಷ. ಆಮೇಲೆ ಆಟ.

ಮಕ್ಕಳು ಆಡುವ ಸ್ಟ್ಯಾಚು ಆಟ ಇದೆಯಲ್ಲ, ಅದನ್ನೇ ಬಳಸಿಕೊಳ್ಳಿ. ನೀವು "ಸ್ಟ್ಯಾಚು" ಅಂದ ತಕ್ಷಣ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಶಿಸ್ತಿಗೆ ಬೆತ್ತಕ್ಕಿಂತ ಇದು ಎಷ್ಟೋ ಮೇಲು.

ಒಂದು ವರ್ಷ ಶಾನುಭೋಗರಾಗಿದ್ದವಳು ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ. ಹಾಜರಿ ಪುಸ್ತಕವೇ ಲೆಕ್ಕದ ಪುಸ್ತಕ. ಅದನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಿದ್ದಳು. ಹತ್ತು ಹನ್ನೆರಡು ಹುಡುಗರು "ಕೊಡಿ, ಕೊಡಿ" ಅಂತ ಮುಂದೆ ಬಂದರು. ಅವಳು ಒಂದೊಂದೇ ಹೆಜ್ಜೆ ಹಿಂದೆ ಹೋದಳು. ಬೆನ್ನು ಮರಕ್ಕೆ ತಾಗಿತು. ಇನ್ನು ಹಿಂದೆ ಹೋಗಲು ಜಾಗ ಇಲ್ಲ. ಆಗ ಹೇಳಿದಳು, "ಕೊಟ್ಟರೆ ಸರ್ಕಾರ ನನ್ನ ಬಿಡಲ್ಲ. ಕೊಡದಿದ್ರೆ ನೀವು ಬಿಡಲ್ಲ. ನಾನು ಯಾವ ಊರಿಗೆ ಹೋಗ್ಲಿ?" ಹುಡುಗರ ಕೈಗಳು ಚಾಚಿದ ಹಾಗೇ ನಿಂತುಬಿಟ್ಟವು. ನಾನು ಸ್ಟ್ಯಾಚು ಅನ್ನುವ ಮೊದಲೇ.

ಪಾಠ ಶುರುವಾಗುವುದು ಅಲ್ಲಿಂದ. ಆಟ ಹನ್ನೆರಡು ನಿಮಿಷ ಸಾಕು. ಅದರ ನಂತರದ ಹದಿನೈದು ನಿಮಿಷ ಮಾತ್ರ ಬಿಟ್ಟುಕೊಡಬೇಡಿ. ಒಂದು ಕುರ್ಚಿ ಹಾಕಿ. ಶಾನುಭೋಗರಾದವಳನ್ನು ಅದರಲ್ಲಿ ಕೂರಿಸಿ. ಉಳಿದವರು ಪ್ರಶ್ನೆ ಕೇಳಲಿ, ಅವಳು ಪಾತ್ರವಾಗಿಯೇ ಉತ್ತರ ಕೊಡಲಿ. ಆಮೇಲೆ ಅಮಲ್ದಾರನಾದವನು ಕೂರಲಿ. ಆ ವರ್ಷ ಊರಿನವರು ನೇಮಿಸಿದ ಹುಡುಗ ಅಮಲ್ದಾರನಾಗಿದ್ದವನೇ ನನ್ನನ್ನು ಕೇಳಿದ, "ಮಿಸ್, ಅಷ್ಟು ಜನ ದೊಡ್ಡವರಿದ್ರಲ್ಲ, ಹುಡುಗರನ್ನ ಯಾಕೆ ಕೂರಿಸಿದ್ರು?" ನಾನು ಉತ್ತರ ಹೇಳಲಿಲ್ಲ. ಚಿಕ್ಕವರನ್ನು ಜೈಲಿಗೆ ಹಾಕಲ್ಲ ಅಂತ ಇರಬೇಕು ಅಂದ ಒಬ್ಬ. ಸರ್ಕಾರಕ್ಕೆ ಅವಮಾನ ಮಾಡೋಕೆ ಅಂದಳು ಇನ್ನೊಬ್ಬಳು. "ಅಂದ್ರೆ ದೊಡ್ಡವರು ಹೆದರಿದ್ರಾ?" ಅಂತ ಮತ್ತೊಬ್ಬ. ಪುಸ್ತಕ ಓದಿಸಿದ್ದರೆ ಈ ಮೂರು ಮಾತು ಬರುತ್ತಿರಲಿಲ್ಲ.

ಒಂದನ್ನು ಮಾತ್ರ ಮಾಡಬೇಡಿ. ಹೊಡೆದಾಟ, ಕೊಲೆ, ಗಲ್ಲು ಇವನ್ನು ಆಡಿಸಬೇಡಿ. ಮಕ್ಕಳು ಕೋಲು ಹಿಡಿದರೆ ಅದು ಕೋಲಿನ ಆಟವೇ ಆಗುತ್ತದೆ. ಸಾಯುವ ಅಭಿನಯಕ್ಕೆ ಯಾರಾದರೂ ನಕ್ಕರೆ ನಿಮಗೂ ಸಂಕಟ, ಆ ಐವರಿಗೂ ಅವಮಾನ. ಆ ಭಾಗ ಬಂದಾಗ ಎಲ್ಲರನ್ನೂ ಎದ್ದು ನಿಲ್ಲಿಸಿ ಹೆಸರು ಓದಿಸುತ್ತಿದ್ದೆ. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಸತ್ತ ಅಧಿಕಾರಿಗಳಿಗೂ ಹೆಂಡತಿ ಮಕ್ಕಳು ಇದ್ದಿರಬಹುದು ಅಂತ ಒಬ್ಬ ಹುಡುಗ ಹೇಳಿದ್ದ. ಅದನ್ನೂ ಮಾತಾಡಿ, ತಪ್ಪಿಸಿಕೊಳ್ಳಬೇಡಿ.

ಎಚ್.ಎಂ. ಅವರ ಮಾತಿಗೆ ಬರೋಣ. ಅವರ ಕಾಳಜಿ ಸುಳ್ಳಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಉತ್ತರ ಕೊಡಬೇಕಾದವರು ಅವರೇ. ಹಾಗಾಗಿ ಎಲ್ಲ ಪಾಠಕ್ಕೂ ನಾಟಕ ಮಾಡಲು ಹೋಗಬೇಡಿ. ವರ್ಷಕ್ಕೆ ಐದೋ ಆರೋ ಸಾಕು. ಪಾಠ ಯೋಜನೆಯಲ್ಲಿ ಚಟುವಟಿಕೆ ಅಂತ ಮೊದಲೇ ಬರೆದಿಡಿ. ಒಂದು ದಿನ ಅವರನ್ನೇ ಮರದ ಕೆಳಗೆ ಕರೆಯಿರಿ. ನೋಡಲು ಬೇಡ, ಪ್ರಶ್ನೆ ಕೇಳಲು ಅಂತ ಕರೆಯಿರಿ. ನಮ್ಮ ಶಾಲೆಯ ಎಚ್.ಎಂ. ಒಬ್ಬರು ಹಾಗೆ ಬಂದು ಕೂತವರು ಬೆಲ್ ಆದರೂ ಏಳಲಿಲ್ಲ.

ನಾಟಕ ಕಲಿತಿಲ್ಲ ಅಂತ ಹಿಂಜರಿಯಬೇಡಿ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಟನಟಿಯರನ್ನು ತಯಾರು ಮಾಡುತ್ತಿದೆ. ಅಲ್ಲಿ ಕಲಿತು ಬಂದವರ ಕೆಲಸವೇ ಬೇರೆ, ನಮ್ಮದೇ ಬೇರೆ. ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್ ಅವರ ಬಗ್ಗೆ ಓದಿದಾಗ ನನಗೆ ಧೈರ್ಯ ಬಂದಿತ್ತು. ಹದಿನಾಲ್ಕನೇ ವಯಸ್ಸಿಗೆ ಉಣ್ಣೆ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ ಹೆಣ್ಣುಮಗಳು. ಮುಂದೆ ತರಗತಿಯ ನಾಟಕಕ್ಕೆ ಜಗತ್ತಿನಲ್ಲೇ ದೊಡ್ಡ ಹೆಸರಾದರು. ಟೀಚರ್ ಹೊರಗೆ ನಿಂತು ನಿರ್ದೇಶನ ಮಾಡುವ ಬದಲು ತಾನೇ ಒಂದು ಪಾತ್ರವಾಗಿ ಒಳಗೆ ಬರಬೇಕು ಅನ್ನುವುದು ಅವರ ದಾರಿ. ನೀವೂ ಮಾಡಿ ನೋಡಿ. ಸೀರೆ ಸೆರಗನ್ನು ತಲೆ ಮೇಲೆ ಹೊದ್ದು "ಯಾಕ್ರಪ್ಪಾ, ನನ್ನ ಮಗನನ್ನೇ ಅಮಲ್ದಾರ ಮಾಡ್ತೀರಂತೆ?" ಅಂತ ಗುಂಪಿನ ನಡುವೆ ಹೋಗಿ ನಿಲ್ಲಿ. ಮಕ್ಕಳ ಮಾತೇ ಬದಲಾಗುತ್ತದೆ.

ಪ್ರಶ್ನೆ: ನಾನು ತುಮಕೂರಿನಲ್ಲಿ ಬಿ.ಇಡಿ. ಓದುತ್ತಿದ್ದೇನೆ. ಥಿಯೇಟರ್ ಇನ್ ಎಜುಕೇಶನ್ ಅಂತ ನಮಗೆ ಪಾಠದಲ್ಲಿ ಹೇಳುತ್ತಾರೆ. ನೀವು ಹೇಳುವುದೂ ಅದೂ ಒಂದೇನಾ? ನಟನೆಗೆ ಮಾರ್ಕ್ಸ್ ಕೊಡುವುದು ಹೇಗೆ?

ಉತ್ತರ: ಹತ್ತಿರದ ನೆಂಟರು, ಆದರೆ ಒಂದೇ ಅಲ್ಲ. ಅದು 1965ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರಿನಲ್ಲಿ ಶುರುವಾಯಿತು. ತರಬೇತಾದ ನಟರು ಶಾಲೆಗೆ ಬಂದು ಆಡುತ್ತಾರೆ, ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ನಮ್ಮ ರಾಷ್ಟ್ರೀಯ ನಾಟಕ ಶಾಲೆ 1989ರಲ್ಲಿ ದೆಹಲಿಯಲ್ಲಿ ಇಂಥದೇ ಒಂದು ತಂಡ ಕಟ್ಟಿತು. ನಾನು ಹೇಳುತ್ತಿರುವುದರಲ್ಲಿ ಹೊರಗಿನ ನಟರು ಇಲ್ಲ, ಪ್ರೇಕ್ಷಕರೂ ಇಲ್ಲ. ಕ್ಲಾಸಿನ ಎಲ್ಲರೂ ಒಳಗೇ.

ನಟನೆಗೆ ಮಾರ್ಕ್ಸ್ ಕೊಡಬೇಡಿ. ಕೊಟ್ಟ ದಿನವೇ ಚೆನ್ನಾಗಿ ಮಾತಾಡುವ ನಾಲ್ಕು ಮಕ್ಕಳು ಮುಂದೆ, ಉಳಿದವರು ಹಿಂದೆ. ಎಫ್.ಎ.ಗೆ (ವರ್ಷದ ನಡುವಿನ ರೂಪಣಾತ್ಮಕ ಮೌಲ್ಯಮಾಪನಕ್ಕೆ) ದಾಖಲೆ ಬೇಕೇ ಬೇಕು ಅಂದರೆ ಮರುದಿನ ಪಾತ್ರದ ಹೆಸರಿನಲ್ಲಿ ಒಂದು ಪುಟ ಬರೆಸಿ. "ನಾನು ಶಾನುಭೋಗ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ" ಅಂತ ಶುರು ಮಾಡಿಕೊಡಿ. ಆ ಪುಟಕ್ಕೆ ಮಾರ್ಕ್ಸ್ ಕೊಡಿ.

ಪ್ರಶ್ನೆ: ಇತಿಹಾಸ, ಕನ್ನಡಕ್ಕೆ ನಾಟಕ ಸರಿ. ನಾನು ಚಿಕ್ಕನಾಯಕನಹಳ್ಳಿ ಕಡೆ ವಿಜ್ಞಾನದ ಮೇಷ್ಟ್ರು. ರಕ್ತ ಪರಿಚಲನೆ, ವಿದ್ಯುತ್ ಇಂಥದಕ್ಕೆಲ್ಲ ನಾಟಕ ಆಗುತ್ತದೆಯೇ? ಸುಮ್ನೆ ಕುಣಿದು ಹೋಗುತ್ತಾರೆ ಅಂತ ನನಗೆ ಅನುಮಾನ.

ಉತ್ತರ: ಅನುಮಾನ ಒಳ್ಳೆಯದೇ ಸರ್. ಅದನ್ನು ಇಟ್ಟುಕೊಂಡೇ ಮಾಡಿ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಹೃದಯದ ಪಾಠ ಮಾಡಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ, ಅದನ್ನೇ ಹೇಳುತ್ತೇನೆ.

ಖೋ-ಖೋ ಅಂಗಳಕ್ಕೆ ಹಾಕುವ ಸುಣ್ಣದ ಪುಡಿಯಲ್ಲಿ ಮೈದಾನದ ಮೇಲೆ ದೊಡ್ಡದೊಂದು ಹೃದಯ ಬರೆದರು. ನಾಲ್ಕು ಕೋಣೆ. ಮೇಲಿನ ಎರಡು ಹೃತ್ಕರ್ಣ, ಕೆಳಗಿನ ಎರಡು ಹೃತ್ಕುಕ್ಷಿ. ಧ್ವಜಕಟ್ಟೆ ಶ್ವಾಸಕೋಶ. ದೂರದ ನೀರಿನ ಟ್ಯಾಂಕು ದೇಹ. ಇಪ್ಪತ್ತು ಮಕ್ಕಳು ರಕ್ತಕಣ. ಧ್ವಜಕಟ್ಟೆಯಲ್ಲಿ ಕೂತ ಇಬ್ಬರು ಬಂದವರಿಗೆಲ್ಲ ಆಕ್ಸಿಜನ್ ಚೀಟಿ ಕೊಡುತ್ತಾರೆ. ಟ್ಯಾಂಕಿನ ಹತ್ತಿರ ಅದನ್ನು ಕೊಟ್ಟು ಕಾರ್ಬನ್ ಡೈಆಕ್ಸೈಡ್ ಚೀಟಿ ಹಿಡಿದು ಬರಬೇಕು. ಬಂದವರು ಮೊದಲು ಬಲ ಹೃತ್ಕರ್ಣಕ್ಕೆ, ಅಲ್ಲಿಂದ ಬಲ ಹೃತ್ಕುಕ್ಷಿಗೆ, ಆಮೇಲೆ ಧ್ವಜಕಟ್ಟೆಗೆ. ಅಲ್ಲಿಂದ ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಮತ್ತೆ ಟ್ಯಾಂಕು.

ಕೋಣೆಗಳ ಬಾಗಿಲಲ್ಲಿ ಇಬ್ಬಿಬ್ಬರು ಕೈ ಅಡ್ಡ ಇಟ್ಟು ನಿಂತಿದ್ದರು. ಅವರೇ ಕವಾಟಗಳು. ಮುಂದೆ ಹೋಗುವವರಿಗೆ ಕೈ ತೆಗೆಯುತ್ತಾರೆ, ಹಿಂದೆ ಬರುವವರಿಗೆ ಇಲ್ಲ. ಒಬ್ಬ ಹುಡುಗ ಚೀಟಿ ಬೀಳಿಸಿಕೊಂಡು ವಾಪಸ್ ಬರಲು ನೋಡಿದ. ಕವಾಟದ ಹುಡುಗಿಯರು ಬಿಡಲೇ ಇಲ್ಲ. "ಒಂದು ಸುತ್ತು ಹೋಗಿ ಬಾ" ಅಂದರು. ಕವಾಟ ಯಾಕೆ ಬೇಕು ಅಂತ ಆ ಹುಡುಗನಿಗೆ ಮತ್ತೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಇನ್ನೊಂದು ಪ್ರಶ್ನೆ ತಾನಾಗೇ ಬಂತು. ಧ್ವಜಕಟ್ಟೆ ಹತ್ತಿರ, ಟ್ಯಾಂಕು ದೂರ. ಎಡ ಹೃತ್ಕುಕ್ಷಿಯಿಂದ ತಳ್ಳುವ ಹುಡುಗರು "ಸರ್, ನಮಗೆ ಜಾಸ್ತಿ ಜನ ಕೊಡಿ" ಅಂದರು. ಎಡ ಹೃತ್ಕುಕ್ಷಿಯ ಗೋಡೆ ಬಲಕ್ಕಿಂತ ಯಾಕೆ ದಪ್ಪ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಬೇಕೇ?

ಆದರೆ ಎಡವಟ್ಟೂ ಆಯಿತು. ಅದನ್ನೂ ಹೇಳಲೇಬೇಕು. ಮೊದಲ ವರ್ಷ ಆಕ್ಸಿಜನ್ ಚೀಟಿಗೆ ಕೆಂಪು ಬಣ್ಣ, ಇನ್ನೊಂದಕ್ಕೆ ನೀಲಿ ಬಣ್ಣ ಕೊಟ್ಟಿದ್ದರು. ಚಿತ್ರಗಳಲ್ಲಿ ಹಾಗೇ ಇರುತ್ತದಲ್ಲ. ಪರೀಕ್ಷೆಯಲ್ಲಿ ಏಳೆಂಟು ಮಕ್ಕಳು ಅಭಿಧಮನಿಯಲ್ಲಿ ನೀಲಿ ರಕ್ತ ಹರಿಯುತ್ತದೆ ಅಂತ ಬರೆದರು. ಆಡಿದ್ದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ, ತಪ್ಪು ಆಡಿದರೆ ತಪ್ಪೂ ಅಷ್ಟೇ ಗಟ್ಟಿಯಾಗಿ ಕೂರುತ್ತದೆ. ಮರುವರ್ಷ ನೀಲಿ ಬದಲು ಕಡುಗೆಂಪು ಚೀಟಿ ಬಂತು. ಜೊತೆಗೆ ಆಟ ಮುಗಿದ ಮೇಲೆ ಒಂದು ಪ್ರಶ್ನೆ ಸೇರಿಕೊಂಡಿತು: "ನಾವು ಆಡಿದ್ದರಲ್ಲಿ ಯಾವುದು ನಿಜವಾದ ಹೃದಯದ ಹಾಗಿಲ್ಲ?" ನಿಜವಾದ ಹೃದಯದಲ್ಲಿ ಎರಡೂ ಹೃತ್ಕುಕ್ಷಿ ಒಟ್ಟಿಗೇ ಹಿಂಡುತ್ತವೆ, ನಾವು ಒಂದಾದ ಮೇಲೆ ಒಂದು ಮಾಡಿದೆವು ಅಂತ ಮಕ್ಕಳೇ ಕಂಡುಹಿಡಿದರು. ವಿದ್ಯುತ್ತಿನ ಪಾಠಕ್ಕೂ ಈ ಪ್ರಶ್ನೆ ಕೇಳದೆ ಬಿಡಬೇಡಿ. ಎಲೆಕ್ಟ್ರಾನ್ ಆದ ಮಕ್ಕಳು ಬ್ಯಾಟರಿಯಿಂದ ಬಲ್ಬಿಗೆ ಓಡೋಡಿ ಹೋಗುತ್ತಾರೆ. ತಂತಿಯೊಳಗೆ ಎಲೆಕ್ಟ್ರಾನುಗಳು ಹಾಗೆ ಓಡುವುದಿಲ್ಲ, ತಂತಿಯ ಉದ್ದಕ್ಕೂ ಮೊದಲೇ ತುಂಬಿರುತ್ತವೆ, ಬಹಳ ನಿಧಾನ ಸರಿಯುತ್ತವೆ. ಅದಕ್ಕೆ ಮಕ್ಕಳು ಓಡುವುದಕ್ಕಿಂತ ಎಲ್ಲರೂ ದುಂಡಗೆ ನಿಂತು ಒಂದೇ ಹಗ್ಗ ಹಿಡಿದು ಸರಿಸುವುದು ಒಳ್ಳೆಯದು.

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ಗದಗ ಜಿಲ್ಲೆಯ ಹಳ್ಳಿ ಶಾಲೆಯವ ನಾನು. ನಮ್ಮ ಮಕ್ಕಳು ಮೈದಾನದಾಗ ಹುಲಿ ಹಂಗ ಮಾತಾಡ್ತಾರ. ನಾಟಕ ಅಂತ ನಿಲ್ಲಿಸಿದರ ಸಾಕು, ಪುಸ್ತಕದ ಭಾಷಾ ಶುರುವಾಗಿ ಕಟ್ಟಿಗಿ ಹಂಗ ಆಗ್ತಾರ. ತಿದ್ದಬೇಕೋ ಬ್ಯಾಡೋ?

ಉತ್ತರ: ತಿದ್ದಬೇಡಿ ಸರ್. ನೀವು ನನಗೆ ಬರೆದ ಹಾಗೇ ಅವರೂ ಮಾತಾಡಲಿ.

ನಿಮ್ಮ ಕಡೆ ದೊಡ್ಡಾಟ ಇದೆ, ಸಣ್ಣಾಟ ಇದೆ, ಪಾರಿಜಾತ ಇದೆ. ಅದೇ ಮಾತಿನಲ್ಲಿ ಇಡೀ ರಾತ್ರಿ ಜನರನ್ನು ಹಿಡಿದು ಕೂರಿಸಿದ ಕಲಾವಿದರ ಊರುಗಳು ನಿಮ್ಮವು. ಮಕ್ಕಳಿಗೆ ಅದು ಕೊರತೆ ಅಂತ ಅನ್ನಿಸುವಂತೆ ಮಾಡಿದವರು ನಾವು, ಮೇಷ್ಟ್ರುಗಳು, ಟೀಚರುಗಳು. "ಹೋಗ್ತೀನಿ ಅನ್ನು, ಹೊಕ್ಕೀನಿ ಅನ್ನಬೇಡ" ಅಂತ ಒಂದು ಸಲ ಅಂದರೆ ಸಾಕು. ಆಮೇಲೆ ಮಗು ಏನು ಹೇಳಬೇಕು ಅನ್ನುವುದನ್ನು ಬಿಟ್ಟು ಹೇಗೆ ಹೇಳಬೇಕು ಅಂತಲೇ ಯೋಚಿಸುತ್ತದೆ. ನಾಟಕ ಅಲ್ಲಿಗೆ ಮುಗಿಯಿತು.

ಪುಸ್ತಕದ ಕನ್ನಡವೂ ಬೇಕು. ಪರೀಕ್ಷೆಗೆ ಬೇಕು, ಅರ್ಜಿ ಬರೆಯಲು ಬೇಕು. ಅದಕ್ಕೊಂದು ಉಪಾಯ ಇದೆ. ಆಟ ಅವರ ಮಾತಿನಲ್ಲಿ ಆಗಲಿ, ವರದಿ ಪುಸ್ತಕದ ಮಾತಿನಲ್ಲಿ ಆಗಲಿ. ಗ್ರಾಮ ಪಂಚಾಯಿತಿ ಪಾಠ ಬಂತು ಅನ್ನಿ. ಗ್ರಾಮಸಭೆ ಆಡಿಸಿ. ಬೋರ್‌ವೆಲ್ ಕೆಟ್ಟು ಒಂದು ತಿಂಗಳಾಯಿತು, ಓಣಿಯ ಹೆಂಗಸರು ಕೊಡ ಹಿಡಿದು ಸಭೆಗೆ ಬಂದಿದ್ದಾರೆ. "ಏನ್ರೀ ಅಧ್ಯಕ್ಷರ, ನಿಮ್ಮ ಮನ್ಯಾಗ ನೀರು ಬರ್ತೈತಿ, ನಮ್ಮ ಮನ್ಯಾಗ ಯಾಕಿಲ್ಲ?" ಅಂತ ಬಾಯಿ ಮಾಡಲಿ. ಮೂವರು ಮಕ್ಕಳು ಪಂಚಾಯಿತಿ ಕಾರ್ಯದರ್ಶಿಗಳಾಗಿ ಕೂತು ನಡೆದಿದ್ದನ್ನೆಲ್ಲ ನಡಾವಳಿ ಪುಸ್ತಕಕ್ಕೆ ಬರೆದುಕೊಳ್ಳಲಿ. ಬಾಯಿ ಮಾಡಿದ ಹೆಂಗಸಿನ ಸಿಟ್ಟು ನಡಾವಳಿಯಲ್ಲಿ "ಸದಸ್ಯರು ನೀರಿನ ಸಮಸ್ಯೆಯನ್ನು ಪ್ರಸ್ತಾಪಿಸಿದರು" ಅಂತ ತಣ್ಣಗೆ ಕೂರುತ್ತದೆ. ಎರಡನ್ನೂ ಒಂದರ ಪಕ್ಕ ಒಂದು ಬೋರ್ಡಿನ ಮೇಲೆ ಬರೆದು, ಏನು ಉಳಿಯಿತು, ಏನು ಹೋಯಿತು ಅಂತ ಕೇಳಿ. ಎರಡು ಕನ್ನಡದ ಪಾಠ ಒಂದೇ ಪೀರಿಯಡ್‌ನಲ್ಲಿ ಆಗುತ್ತದೆ.

ಪ್ರಶ್ನೆ: ನನ್ನ ಮಗ ಐದನೇ ತರಗತಿ. ಮಾತು ತೊದಲುತ್ತದೆ. ಶಾಲೆಯಲ್ಲಿ ನಾಟಕ ಅಂದರೆ ಯಾವಾಗಲೂ ಮರದ ಪಾತ್ರ, ಇಲ್ಲವೇ ಬಂಡೆಯ ಪಾತ್ರ. ಈಗ ನಾಟಕದ ದಿನ ಹೊಟ್ಟೆನೋವು ಅಂತ ಮಲಗುತ್ತಾನೆ. ಬಿಡಿಸಿಬಿಡಲೇ? ಮೈಸೂರಿನ ತಾಯಿ.

ಉತ್ತರ: ಅಮ್ಮಾ, ಮೊದಲು ಒಂದು ಮಾತು. ನಾಟಕ ತೊದಲಿಗೆ ಔಷಧಿ ಅಲ್ಲ. ನೀವು ಮೈಸೂರಿನಲ್ಲೇ ಇದ್ದೀರಿ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ತೋರಿಸಿಲ್ಲ ಅಂದರೆ ಒಮ್ಮೆ ಕರೆದುಕೊಂಡು ಹೋಗಿ.

ಇನ್ನು ನಾಟಕದ ವಿಷಯ. ತೊದಲುವ ಬಹಳ ಮಕ್ಕಳು ಹಾಡುವಾಗ ತೊದಲುವುದಿಲ್ಲ. ನಾಲ್ಕು ಜನರ ಜೊತೆ ಒಂದೇ ದನಿಯಲ್ಲಿ ಹೇಳುವಾಗಲೂ ಮಾತು ಸಲೀಸಾಗಿ ಬರುತ್ತದೆ. ಟೀಚರ್ ಹತ್ತಿರ ಇದನ್ನು ಹೇಳಿ. ಮೇಳದಲ್ಲಿ ಸೇರಿಸಿಕೊಳ್ಳಲಿ. ನಮ್ಮ ನಾಟಕಗಳಲ್ಲಿ ಮೇಳ ಅಂದರೆ ಸಣ್ಣ ಕೆಲಸ ಅಲ್ಲ, ಕಥೆ ನಡೆಸುವವರೇ ಅವರು. ನನ್ನ ಕ್ಲಾಸಿನಲ್ಲಿ ಹೀಗೇ ಒಬ್ಬ ಇದ್ದ. ಅವನಿಗೆ ತಮಟೆ ಕೊಟ್ಟೆ. ಡಂಗುರ ಸಾರುವವನ ಪಾತ್ರ. ಎರಡು ಪೆಟ್ಟು ಹೊಡೆದು ಒಂದು ಮಾತು, ಮತ್ತೆ ಎರಡು ಪೆಟ್ಟು, ಮತ್ತೊಂದು ಮಾತು. "ಕೇಳ್ರಪ್ಪೋ", ಡಬ್ ಡಬ್, "ಕೇಳಿ", ಡಬ್ ಡಬ್, "ನಾಳೆ ಬೆಳಿಗ್ಗೆ", ಡಬ್ ಡಬ್. ತಾಳದ ಮೇಲೆ ಮಾತು ಕೂತಿತು. ಎಲ್ಲ ದಿನವೂ ಕೂರಲಿಲ್ಲ. ಸಿಕ್ಕಿಕೊಂಡ ದಿನ ತಮಟೆ ಮಾತ್ರ ಬಾರಿಸುತ್ತಿದ್ದ, ಮೇಳದವರು ಆ ಮಾತು ಹೇಳುತ್ತಿದ್ದರು. ಯಾರೂ ನಗಲಿಲ್ಲ. ಅದನ್ನು ನಾವು ಮೊದಲೇ ಮಾತಾಡಿಕೊಂಡಿದ್ದೆವು.

ಬಿಡಿಸಬೇಡಿ. ಹಾಗಂತ ಒತ್ತಾಯವೂ ಬೇಡ. ಏನು ಮಾಡಲು ಇಷ್ಟ ಅಂತ ಅವನನ್ನೇ ಕೇಳಿ. ಬೇಸಿಗೆಯಲ್ಲಿ ರಂಗಾಯಣದ ಮಕ್ಕಳ ರಂಗ ಶಿಬಿರ ಚಿಣ್ಣರ ಮೇಳ ನಡೆಯುತ್ತದಲ್ಲ, ಸೇರಿಸುವ ಮಾತು ಆಮೇಲೆ. ಒಂದು ಸಂಜೆ ಸುಮ್ನೆ ನೋಡಲು ಕರೆದುಕೊಂಡು ಹೋಗಿ.

ಪ್ರಶ್ನೆ: ಅಮೆರಿಕದ ನ್ಯೂಜೆರ್ಸಿಯಲ್ಲಿ ಭಾನುವಾರ ಎರಡು ಗಂಟೆ ಕನ್ನಡ ಕಲಿಸುತ್ತೇನೆ. ಮಕ್ಕಳಿಗೆ ಅರ್ಥ ಆಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಯಾವ ನಾಟಕ ಆಡಿಸಲಿ? ಪುರಾಣದ್ದು ಆಡಿಸಿದರೆ ಅರ್ಥ ಗೊತ್ತಿಲ್ಲದೆ ಗಿಳಿಪಾಠ ಒಪ್ಪಿಸುತ್ತಾರೆ.

ಉತ್ತರ: ಪುರಾಣ ಆಮೇಲೆ ಇರಲಿ. ಬೇಸಿಗೆ ರಜೆಗೆ ಊರಿಗೆ ಬಂದಾಗ ಅವರಿಗೆ ನಿಜವಾಗಿ ಬೇಕಾಗುವ ಮಾತುಗಳನ್ನು ಆಡಿಸಿ. ಅಜ್ಜಿಗೆ ಫೋನ್ ಮಾಡುವುದು. ಆಟೊದವರ ಹತ್ತಿರ ಚೌಕಾಸಿ ಮಾಡುವುದು. ಇನ್ನೂ ಒಂದು ದೋಸೆ ಹಾಕಲು ಬಂದ ಅತ್ತೆಗೆ ಬೇಡ ಅಂತ ನೋಯಿಸದೆ ಹೇಳುವುದು. ಈ ಕೊನೆಯದು ದೊಡ್ಡವರಿಗೇ ಕಷ್ಟ.

ನೀನು, ನೀವು ಅನ್ನುವ ವ್ಯತ್ಯಾಸ ಆ ಮಕ್ಕಳಿಗೆ ಪುಸ್ತಕದಿಂದ ಬರುವುದಿಲ್ಲ. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಮಾತು. ಒಂದೇ ಪ್ರಶ್ನೆಯನ್ನು ಮೂವರಿಗೆ ಕೇಳಿಸಿ: ಊಟ ಆಯ್ತಾ? ತಮ್ಮನಿಗೆ "ಊಟ ಮಾಡಿದ್ಯಾ", ತಾತನಿಗೆ "ಊಟ ಮಾಡಿದ್ರಾ". ಮೂರನೆಯದು ಅಮ್ಮನಿಗೆ. ಅಮ್ಮನಿಗೆ ಕೆಲವು ಮನೆಗಳಲ್ಲಿ ನೀನು, ಕೆಲವು ಮನೆಗಳಲ್ಲಿ ನೀವು. "ನಿಮ್ಮ ಮನೆಯಲ್ಲಿ ಹೇಗೆ?" ಅಂತ ಕೇಳಿದರೆ ಮಕ್ಕಳು ಮನೆಗೆ ಹೋಗಿ ಅಜ್ಜಿಗೇ ಫೋನ್ ಮಾಡುತ್ತಾರೆ. ಅಜ್ಜಿಯ ಪಾತ್ರವನ್ನು ಮೊದಲ ಎರಡು ವಾರ ನೀವೇ ಮಾಡಿ. ಈ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಅದೊಂದೇ ನಿಯಮ.

ಪ್ರಶ್ನೆ: ಮಂಡ್ಯ ಜಿಲ್ಲೆಯವನು. ಕೂಲಿ ಕೆಲಸ. ಮಗಳು ಆರನೇ ತರಗತಿ, ಬುದ್ಧಿವಂತೆ. ಮೂರು ವರ್ಷದಿಂದ ಶಾಲೆಯ ನಾಟಕದಲ್ಲಿ ಅವಳಿಗೆ ಕೆಲಸದವಳ ಪಾತ್ರವೇ. ಕಸ ಗುಡಿಸುವುದು, ಚಾಮರ ಬೀಸುವುದು. ರಾಣಿ ಪಾತ್ರ ಬೇರೆ ಮಕ್ಕಳಿಗೆ. ಈ ಸಲ ಅವಳೇ "ಅಪ್ಪಾ, ನಾನು ಕಪ್ಪಗಿದೀನಿ ಅಂತಾನಾ?" ಅಂದಳು. ಟೀಚರ್‌ಗೆ ಕೇಳಿದರೆ ತಪ್ಪಾಗುತ್ತಾ?

ಉತ್ತರ: ತಪ್ಪಾಗುವುದಿಲ್ಲ ಅಣ್ಣಾ. ಕೇಳಿ. ನಿಮ್ಮ ಪತ್ರವನ್ನು ನಾನು ಎರಡು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ.

ನಿವೃತ್ತಿಯಾದ ವರ್ಷ ಶಾಲೆಯ ಹಳೇ ಫೋಟೊಗಳನ್ನು ತೆಗೆದು ನೋಡುತ್ತಿದ್ದೆ. ನಾನೇ ಮಾಡಿಸಿದ ನಾಟಕಗಳು. ಮೊದಮೊದಲ ಏಳೆಂಟು ವರ್ಷದ ಫೋಟೊಗಳಲ್ಲಿ ಕಿರೀಟ ಇಟ್ಟುಕೊಂಡವರು ಯಾರು, ಪಕ್ಕದಲ್ಲಿ ನಿಂತವರು ಯಾರು ಅಂತ ನೋಡಿದೆ. ಕಿರೀಟ ಇಟ್ಟವರು ಬೆಳ್ಳಗಿನ ಮಕ್ಕಳು, ಪೇಟೆಯ ಮಕ್ಕಳು, ಮನೆಯಿಂದ ರೇಷ್ಮೆ ಸೀರೆ ತರಬಲ್ಲ ಮಕ್ಕಳು. ಹಾಸ್ಟೆಲ್ ಮಕ್ಕಳೆಲ್ಲ ಸೈನಿಕರು, ಸೇವಕರು. ಬೇಕಂತ ಮಾಡಿರಲಿಲ್ಲ. ಆದರೆ ಮಾಡಿದ್ದೆ. ಆ ಫೋಟೊಗಳಲ್ಲಿ ಚಾಮರ ಹಿಡಿದು ನಿಂತ ಒಬ್ಬಳ ಮುಖ ನನಗೆ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಅವಳಿಗೂ ನಿಮ್ಮ ಮಗಳ ಪ್ರಶ್ನೆ ಬಂದಿರಬೇಕು. ಕೇಳಲು ಅವಳಿಗೆ ಧೈರ್ಯ ಇರಲಿಲ್ಲ. ನಿಮ್ಮ ಮಗಳು ಕೇಳಿದ್ದಾಳೆ.

ಟೀಚರ್‌ಗಳಿಗೆ ನಾನು ಹೇಳುವುದು ಇದು. ಪಾತ್ರ ಹಂಚುವಾಗ ಚೀಟಿ ಎತ್ತಿಸಿ. ರಾಜ ಯಾರು, ರಾಣಿ ಯಾರು, ಸೇವಕ ಯಾರು ಅಂತ ಚೀಟಿ ಹೇಳಲಿ. ಕ್ಲಾಸಿನೊಳಗಿನ ನಾಟಕದಲ್ಲಿ ಹತ್ತು ನಿಮಿಷಕ್ಕೊಮ್ಮೆ ಪಾತ್ರ ಅದಲುಬದಲು ಮಾಡಿ. ಈಗ ದಣಿಯಾದವನು ಆಮೇಲೆ ಆಳಾಗಲಿ. ವೇಷ, ಒಡವೆ, ಸೀರೆ ಏನೂ ಬೇಡ. ಒಂದು ಟವೆಲ್ ಸಾಕು. ಹೆಗಲ ಮೇಲೆ ಹಾಕಿಕೊಂಡರೆ ದಣಿ, ತಲೆಗೆ ಸಿಂಬಿ ಸುತ್ತಿದರೆ ಕೂಲಿಯವನು. ಟವೆಲ್ ಯಾರ ಕೈಯಲ್ಲಿ ಬೇಕಾದರೂ ಇರಬಹುದು. ದಿನಾ ಕೂಲಿಗೆ ಹೋಗುವವರ ಮಕ್ಕಳು ದಣಿಯಾದಾಗ ಎಂಥ ಮಾತು ಬರುತ್ತದೆ ಅಂತ ಕಿವಿಗೊಟ್ಟು ಕೇಳಿ. ಅವರು ದಣಿಗಳನ್ನು ಹತ್ತಿರದಿಂದ ನೋಡಿದವರು.

ಅಣ್ಣಾ, ನೀವು ಶಾಲೆಗೆ ಹೋಗುವಾಗ ಜಗಳದ ದನಿ ಬೇಡ. ಟೀಚರ್ ಬಿಡುವಿರುವ ಹೊತ್ತು, ಮಧ್ಯಾಹ್ನ ಬಿಸಿಯೂಟ ಆದ ಮೇಲೆ ಹೋಗಿ. ಮಗಳು ಕೇಳಿದ ಮಾತನ್ನು ಒಂದಕ್ಷರ ಬಿಡದೆ ಹಾಗೇ ಹೇಳಿ. ಬೇರೇನೂ ಸೇರಿಸಬೇಡಿ. ಬಹಳ ಟೀಚರ್‌ಗಳಿಗೆ ಅಷ್ಟೇ ಸಾಕಾಗುತ್ತದೆ. ಈ ಪುಟ ತೋರಿಸಬೇಕು ಅನ್ನಿಸಿದರೆ ತೋರಿಸಿ. ಮನೆಯಲ್ಲಿ ಮಗಳಿಗೆ "ಇಲ್ಲ ಬಿಡು, ಹಾಗೇನಿಲ್ಲ" ಅಂತ ಸಮಾಧಾನ ಹೇ­ಳಬೇಡಿ. "ನಾನೂ ಅದನ್ನೇ ಕೇಳೋಕೆ ಹೋಗ್ತಿದೀನಿ" ಅನ್ನಿ.

ಏನಾಯಿತು ಅಂತ ನನಗೆ ಮತ್ತೆ ಬರೆಯಿರಿ. ಮಗಳ ಕೈಯಲ್ಲೇ ಬರೆಸಿದರೆ ನನಗೆ ಇನ್ನೂ ಸಂತೋಷ.